ಚೆಂಡು ಎತ್ತ ತಪ್ಪುತ್ತಿದೆ ಎಂಬುದೇ ಮೊದಲ ಪ್ರಶ್ನೆ

ಕಳೆದ ಮಾರ್ಚ್‌ನಲ್ಲಿ, ಬೇಸ್‌ಬಾಲ್ ಋತು ಆಗತಾನೇ ಶುರುವಾಗಿದ್ದಾಗ, ಡಲ್ಲಾಸ್ ಹೊರವಲಯದ ನಮ್ಮ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ದಾವಣಗೆರೆ ಮೂಲದ ದಂಪತಿ ತಮ್ಮ ಹದಿಮೂರು ವರ್ಷದ ಮಗನನ್ನು ಕರೆತಂದರು. ಹುಡುಗನಿಗೆ ನೋವಿರಲಿಲ್ಲ, ಪೆಟ್ಟೂ ಆಗಿರಲಿಲ್ಲ. ತಂದೆ ಕುಳಿತ ಕೂಡಲೇ ವಿಷಯಕ್ಕೆ ಬಂದರು: “ಸರ್, ಹೋದ ವರ್ಷದವರೆಗೂ ಟೀಮಿಗೆ ಇವನೇ ಮುಖ್ಯ ಪಿಚರ್. ಈ ವರ್ಷ ಚೆಂಡು ಎಲ್ಲೆಲ್ಲಿಗೋ ಹೋಗ್ತಿದೆ. ಕೋಚ್ ಇವನನ್ನ ಪಿಚಿಂಗ್‌ನಿಂದ ತೆಗೀತೀನಿ ಅಂತಿದ್ದಾರೆ. ಇವನಿಂದ ಮುಂದೆ ಆಗುತ್ತೋ ಇಲ್ಲವೋ, ನೀವೇ ಹೇಳಿ.” ಪಿಚರ್ ಎಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು; ಕೈಯಲ್ಲಿ ಸಾಮರ್ಥ್ಯವಿದ್ದೂ ಹಿಡಿತವಿಲ್ಲದ ಎಳೆಯ ಪಿಚರ್‌ಗಳು ಪ್ರತಿ ವಸಂತದಲ್ಲೂ ನನ್ನ ಬಳಿ ಬರುತ್ತಾರೆ, ಮತ್ತು ಅವರ ಹೆತ್ತವರು ಕೇಳುವುದು ಹೆಚ್ಚುಕಡಿಮೆ ಇದೇ ಪ್ರಶ್ನೆ.

ಕ್ರಿಕೆಟ್ ನೋಡಿ ಬೆಳೆದವರಿಗೆ ಈ ಸಮಸ್ಯೆಯ ತೂಕ ತಿಳಿಯಬೇಕಾದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕ್ರಿಕೆಟ್‌ನಲ್ಲಿ ವೈಡ್ ಹಾಕಿದರೆ ಒಂದು ರನ್ ಹೋಗುತ್ತದೆ, ಇನ್ನೊಂದು ಎಸೆತ ಹಾಕಬೇಕಾಗುತ್ತದೆ, ಅಷ್ಟೆ. ಬೇಸ್‌ಬಾಲ್‌ನಲ್ಲಿ ಹೋಮ್ ಪ್ಲೇಟ್‌ನ (ಬ್ಯಾಟರ್ ಪಕ್ಕದಲ್ಲಿ ನೆಲದ ಮೇಲಿರುವ ಫಲಕದ) ಮೇಲೆ, ಬ್ಯಾಟರ್‌ನ ಮೊಣಕಾಲಿನಿಂದ ಎದೆಯ ಕೆಳಭಾಗದವರೆಗೆ ಇರುವ ಕಾಣದ ಚೌಕಟ್ಟಿನ ಹೊರಗೆ ಹೋದ, ಬ್ಯಾಟರ್ ಬ್ಯಾಟ್ ಬೀಸದೆ ಬಿಟ್ಟ ಎಸೆತವನ್ನು ‘ಬಾಲ್’ ಎಂದು ಎಣಿಸುತ್ತಾರೆ. ಅಂಥ ನಾಲ್ಕು ಸೇರಿದರೆ ಬ್ಯಾಟರ್ ಏನೂ ಮಾಡದೆಯೇ ಮೊದಲ ಬೇಸ್‌ಗೆ ನಡೆದು ಹೋಗುತ್ತಾನೆ. ಇದಕ್ಕೆ ವಾಕ್ ಎನ್ನುತ್ತಾರೆ. ಸಾಲಾಗಿ ನಾಲ್ಕು ವಾಕ್ ಕೊಟ್ಟರೆ ಎದುರಾಳಿಗೆ ಬ್ಯಾಟ್ ಮುಟ್ಟಿಸದೆಯೇ ರನ್ ಸಿಗುತ್ತದೆ. ಇಷ್ಟಾದರೂ ಪೂರ್ತಿ ನಿಖರತೆಯನ್ನು ಯಾರಿಂದಲೂ ಬಯಸುವಂತಿಲ್ಲ. ಚೌಕಟ್ಟಿನೊಳಗೆ ಹೋದ ಅಥವಾ ಬ್ಯಾಟರ್ ಬ್ಯಾಟ್ ಬೀಸಿದ ಎಸೆತವೇ ಸ್ಟ್ರೈಕ್. ಅಮೆರಿಕದ ಅತ್ಯುನ್ನತ ವೃತ್ತಿಪರ ಲೀಗ್ ಆದ ಮೇಜರ್ ಲೀಗ್‌ನ ಪಿಚರ್‌ಗಳ ಎಸೆತಗಳಲ್ಲೂ ಸ್ಟ್ರೈಕ್ ಎನಿಸಿಕೊಳ್ಳುವುದು ಮೂರರಲ್ಲಿ ಎರಡು ಪಾಲಿಗಿಂತ ಸ್ವಲ್ಪ ಕಡಿಮೆಯೇ.

ಆ ಹುಡುಗನಿಗೆ ಒಂದೇ ವರ್ಷದಲ್ಲಿ ಏನಾಗಿತ್ತು ಎಂಬುದಕ್ಕೆ ಅರ್ಧ ಉತ್ತರ ಅಂಗಳದ ಅಳತೆಯಲ್ಲೇ ಇದೆ. ಹನ್ನೆರಡು ವರ್ಷದವರೆಗೆ ಅವನು ಆಡಿದ್ದು ಲಿಟಲ್ ಲೀಗ್‌ನ ಚಿಕ್ಕ ಅಂಗಳದಲ್ಲಿ. ಅಲ್ಲಿ ಪಿಚರ್ ಕಾಲಿಡುವ ರಬ್ಬರ್ ಪಟ್ಟಿಯಿಂದ ಹೋಮ್ ಪ್ಲೇಟ್‌ಗೆ 46 ಅಡಿ. ದೊಡ್ಡವರ ಅಂಗಳದಲ್ಲಿ ಅದೇ ದೂರ 60 ಅಡಿ 6 ಅಂಗುಲ. ಆದರೆ ಪ್ಲೇಟ್‌ನ ಅಗಲ ಎರಡು ಕಡೆಯೂ 17 ಅಂಗುಲವೇ. ಪಿಚರ್ ಹೆಜ್ಜೆ ಚಾಚಿ, ಕೈ ಮುಂದಕ್ಕೆ ತಂದು ಚೆಂಡು ಬಿಡುವುದರಿಂದ ಎರಡರಲ್ಲೂ ಸುಮಾರು ಐದು ಅಡಿ ಕಳೆಯೋಣ. ಪ್ಲೇಟ್‌ನ ನಡುವಿಗೆ ಗುರಿಯಿಟ್ಟ ಎಸೆತ ಕೈಯಿಂದ ಹೊರಡುವಾಗ ಒಂದೇ ಒಂದು ಡಿಗ್ರಿ ಪಕ್ಕಕ್ಕೆ ವಾಲಿತು ಎಂದಿಟ್ಟುಕೊಳ್ಳಿ. ಚಿಕ್ಕ ಅಂಗಳದಲ್ಲಿ ಅದು ಪ್ಲೇಟ್ ತಲುಪುವ ಹೊತ್ತಿಗೆ ನಡುವಿನಿಂದ ಎಂಟೂವರೆ ಅಂಗುಲದಷ್ಟು ಸರಿದಿರುತ್ತದೆ, ಎಂದರೆ ಅಂಚನ್ನು ಮುಟ್ಟಿಕೊಂಡೇ ಹೋಗುತ್ತದೆ, ಸ್ಟ್ರೈಕ್. ದೊಡ್ಡ ಅಂಗಳದಲ್ಲಿ ಅದೇ ಎಸೆತ ಹನ್ನೊಂದೂವರೆ ಅಂಗುಲ ಸರಿದು, ಚೆಂಡಿನ ಅರ್ಧ ದಪ್ಪವನ್ನು ಲೆಕ್ಕಕ್ಕೆ ಹಿಡಿದರೂ, ಪ್ಲೇಟ್ ಸೋಕದೆ ಹೊರಗೆ ಹೋಗುತ್ತದೆ, ಬಾಲ್. ಹುಡುಗ ಅದೇ, ತಪ್ಪೂ ಅಷ್ಟೇ, ಹೋದ ವರ್ಷ ಚಪ್ಪಾಳೆ ಸಿಕ್ಕಿದ ಎಸೆತಕ್ಕೆ ಈ ವರ್ಷ ಬೆಂಚು ಸಿಗುತ್ತಿದೆ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಆ ತಾಯಿಯ ಮುಖದಲ್ಲಿ ಮೊದಲ ಬಾರಿಗೆ ಸ್ವಲ್ಪ ನಿರಾಳತೆ ಕಂಡಿತು. ಕೆಲವು ಲೀಗ್‌ಗಳಲ್ಲಿ ನಡುವೆ 50 ಅಥವಾ 54 ಅಡಿಯ ಒಂದು ಮೆಟ್ಟಿಲು ಇರುತ್ತದೆ. ಇವನಿಗೆ ಅದು ಸಿಕ್ಕಿರಲಿಲ್ಲ.

ಉಳಿದರ್ಧ ಉತ್ತರ ಅವನ ಮೈಯಲ್ಲಿತ್ತು. ಒಂದು ವರ್ಷದಲ್ಲಿ ಅವನು ಒಂಬತ್ತು ಸೆಂಟಿಮೀಟರ್ ಬೆಳೆದಿದ್ದ. ಈ ವಯಸ್ಸಿನಲ್ಲಿ ಮೂಳೆ ಮೊದಲು ಉದ್ದವಾಗುತ್ತದೆ, ಸ್ನಾಯುಗಳ ಬಲ ಅದರ ಹಿಂದಿನಿಂದ ಬರುತ್ತದೆ, ಹಾಗಾಗಿ ನಿನ್ನೆಯವರೆಗೆ ಕಣ್ಣುಮುಚ್ಚಿಕೊಂಡು ಮಾಡುತ್ತಿದ್ದ ಚಲನೆಯೂ ಕೆಲಕಾಲ ಅಳತೆ ತಪ್ಪುತ್ತದೆ. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುವ, ಲೋಟ ತಳ್ಳಿ ಬೀಳಿಸುವ ಮಕ್ಕಳನ್ನು ಎಲ್ಲ ಮನೆಗಳಲ್ಲೂ ನೋಡಿದ್ದೇವೆ. ಪಿಚಿಂಗ್‌ನಂಥ ಕ್ರಿಯೆಯಲ್ಲಿ, ಹೆಜ್ಜೆ, ಸೊಂಟ, ಎದೆ, ಭುಜ, ಮೊಣಕೈ, ಬೆರಳು ಒಂದರ ಹಿಂದೊಂದು ಸರಿಯಾದ ಗಳಿಗೆಗೆ ತಿರುಗಬೇಕಾದ ಕಡೆ, ಆ ಎಡವಟ್ಟು ಹತ್ತು ಪಟ್ಟಾಗಿ ಕಾಣುತ್ತದೆ.

ಆದರೂ ಎಲ್ಲವನ್ನೂ ಬೆಳವಣಿಗೆಯ ತಲೆಗೆ ಕಟ್ಟಿ ಸುಮ್ಮನಾಗುವಂತಿಲ್ಲ. ಇದ್ದಕ್ಕಿದ್ದಂತೆ ಹಿಡಿತ ತಪ್ಪಿದ ಎಳೆಯ ಪಿಚರ್ ಬಂದರೆ ನಾನು ಮೊದಲು ಮುಟ್ಟಿ ನೋಡುವುದು ಮೊಣಕೈಯ ಒಳಬದಿಯನ್ನು. ಅಲ್ಲಿರುವ ಬೆಳವಣಿಗೆಯ ಫಲಕ, ಎಂದರೆ ಮೂಳೆ ಬೆಳೆಯುವ ಮೃದು ಭಾಗ, ಈ ವಯಸ್ಸಿನಲ್ಲಿ ಇನ್ನೂ ಗಟ್ಟಿಯಾಗಿರುವುದಿಲ್ಲ, ಮೇಲಿಂದ ಮೇಲೆ ಎಸೆದರೆ ಅದಕ್ಕೆ ಜಗ್ಗಾಟದ ಗಾಯವಾಗುತ್ತದೆ. ದೊಡ್ಡ ಹುಡುಗರಲ್ಲಿ ಅದೇ ಒತ್ತಡ ಮೂಳೆಗಳನ್ನು ಜೋಡಿಸುವ ಒಳಬದಿಯ ಅಸ್ಥಿಬಂಧದ ಮೇಲೆ ಬೀಳುತ್ತದೆ. ಡಾ. ಫ್ರಾಂಕ್ ಜೋಬ್ ಅವರು 1974ರಲ್ಲಿ ಪಿಚರ್ ಟಾಮಿ ಜಾನ್ ಅವರಿಗೆ ಮೊದಲ ಬಾರಿಗೆ ಮಾಡಿದ, ಇಂದು ಟಾಮಿ ಜಾನ್ ಹೆಸರಿನಿಂದಲೇ ಕರೆಯುವ ಶಸ್ತ್ರಚಿಕಿತ್ಸೆ ಈ ಅಸ್ಥಿಬಂಧದ್ದೇ. ಮಕ್ಕಳು ನೋವನ್ನು ಮುಚ್ಚಿಡುತ್ತಾರೆ, ಆದರೆ ಗುರಿಯನ್ನು ಮುಚ್ಚಿಡಲಾರರು, ಎಷ್ಟೋ ಸಲ ನೋವಿನ ಮಾತಿಗಿಂತ ಮೊದಲು ಬರುವುದು ದಾರಿ ತಪ್ಪಿದ ಚೆಂಡು. ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ರೂಪಿಸಿದ ‘ಪಿಚ್ ಸ್ಮಾರ್ಟ್’ ಮಾರ್ಗಸೂಚಿಯ ಪ್ರಕಾರ ದಿನವೊಂದಕ್ಕೆ 11ರಿಂದ 12 ವರ್ಷದವರಿಗೆ 85, 13ರಿಂದ 16 ವರ್ಷದವರಿಗೆ 95, 17ರಿಂದ 18 ವರ್ಷದವರಿಗೆ 105 ಎಸೆತಗಳೇ ಮಿತಿ. ವಾಕ್ ಹೆಚ್ಚು ಕೊಡುವ ಹುಡುಗ ಈ ಮಿತಿಯನ್ನು ಬೇರೆಯವರಿಗಿಂತ ಬೇಗ ಮುಟ್ಟುತ್ತಾನೆ, ದಣಿದ ಕೈ ಇನ್ನಷ್ಟು ತಪ್ಪುತ್ತದೆ. ಆದ್ದರಿಂದ ಅವನಿಗೇ ಹೆಚ್ಚು ಕಟ್ಟುನಿಟ್ಟಾಗಿ ಎಣಿಕೆ ಇಡಬೇಕು. ಇವನ ಮೊಣಕೈ ಸರಿಯಾಗಿತ್ತು.

ಮೊಣಕೈ ನೋಡಿಯಾದ ಮೇಲೆ ನಾನು ಮಾಡುವ ಕೆಲಸ ತುಂಬ ಸರಳವಾದದ್ದು. ಕ್ಲಿನಿಕ್‌ನ ಹಿಂದಿನ ಜಾಗದಲ್ಲಿ ಬಲೆಗೆ ದಾರ ಕಟ್ಟಿ ಸ್ಟ್ರೈಕ್ ವಲಯದ ಚೌಕ ಮಾಡಿದ್ದೇವೆ. ಮನೆಯವರೊಬ್ಬರ ಕೈಗೆ ಅದೇ ಚೌಕ ಬರೆದ ಹಾಳೆಯನ್ನೂ ಪೆನ್ಸಿಲನ್ನೂ ಕೊಟ್ಟು, ಇಪ್ಪತ್ತೈದು ಎಸೆತಗಳು ಎಲ್ಲೆಲ್ಲಿ ಬಿದ್ದವು ಎಂದು ಚುಕ್ಕೆ ಇಡಲು ಹೇಳುತ್ತೇನೆ. ಅಂದು ಚುಕ್ಕೆ ಇಟ್ಟವರು ತಾಯಿ. ಇಪ್ಪತ್ತೈದರಲ್ಲಿ ಹದಿನೇಳು ಚೌಕದ ಹೊರಗೆ ಬಿದ್ದಿದ್ದವು, ಆ ಹದಿನೇಳರಲ್ಲಿ ಹದಿಮೂರು ಒಂದೇ ಕಡೆ, ಹುಡುಗನ ಬಲಕ್ಕೆ ಮತ್ತು ಮೇಲಕ್ಕೆ. “ಎಲ್ಲೆಲ್ಲಿಗೋ ಹೋಗ್ತಿದೆ” ಎಂದಿದ್ದ ತಂದೆ ಹಾಳೆಯನ್ನು ಬಹಳ ಹೊತ್ತು ನೋಡುತ್ತ ಕುಳಿತರು.

ನನ್ನ ಅನುಭವದಲ್ಲಿ ಈ ಹಾಳೆಯೇ ಅರ್ಧ ಭವಿಷ್ಯ ಹೇಳುತ್ತದೆ. ಒಂದೇ ದಿಕ್ಕಿಗೆ ತಪ್ಪುವ ಕೈಗೆ ಒಂದು ಕಾರಣವಿರುತ್ತದೆ, ಕಾರಣವಿದ್ದದ್ದನ್ನು ಹುಡುಕಿ ತಿದ್ದಬಹುದು. ಬಲಗೈ ಪಿಚರ್ ಮೇಲೆ ಮತ್ತು ಬಲಕ್ಕೆ ತಪ್ಪುತ್ತಿದ್ದರೆ ಸಾಮಾನ್ಯವಾಗಿ ಅವನ ಎಡಭುಜ ಬೇಗ ತೆರೆದುಕೊಂಡು ಕೈ ಹಿಂದೆ ಉಳಿದಿರುತ್ತದೆ. ಕೆಳಗೆ ಮತ್ತು ಎಡಕ್ಕೆ ತಪ್ಪುತ್ತಿದ್ದರೆ ಚೆಂಡನ್ನು ತಡವಾಗಿ ಬಿಡುತ್ತಿರುತ್ತಾನೆ. ನೆಲದ ಮೇಲೆ ಪ್ಲೇಟ್‌ನ ಕಡೆಗೆ ಸೀಮೆಸುಣ್ಣದ ಗೆರೆ ಎಳೆದು ಇವನ ಎಡಗಾಲು ಎಲ್ಲಿ ಬೀಳುತ್ತದೆ ಎಂದು ನೋಡಿದೆವು. ಪ್ರತಿ ಸಲವೂ ಗೆರೆಯಿಂದ ನಾಲ್ಕೈದು ಅಂಗುಲ ಎಡಕ್ಕೆ. ಉದ್ದವಾದ ಕಾಲು ಹಳೆಯ ತೂಗಿನಲ್ಲೇ ಬೀಸಿಕೊಂಡು ಹೋಗಿ ಆಚೆ ಬೀಳುತ್ತಿತ್ತು, ಅದರ ಹಿಂದೆ ಸೊಂಟವೂ ಭುಜವೂ ಬೇಗ ತೆರೆದುಕೊಳ್ಳುತ್ತಿದ್ದವು.

ಕಾಲಿನ ಇಷ್ಟು ಚಿಕ್ಕ ವಿಷಯ ಒಬ್ಬ ಪಿಚರ್‌ನ ಬಾಳನ್ನೇ ತಿರುಗಿಸಬಲ್ಲದೇ ಎಂದು ಕೇಳುವವರಿಗೆ ನಾನು ರ‍್ಯಾಂಡಿ ಜಾನ್ಸನ್ ಅವರ ಉದಾಹರಣೆ ಕೊಡುತ್ತೇನೆ. ಆರು ಅಡಿ ಹತ್ತು ಅಂಗುಲ ಎತ್ತರದ ಈ ಎಡಗೈ ಪಿಚರ್ ಸಿಯಾಟಲ್ ಮ್ಯಾರಿನರ್ಸ್ ತಂಡದಲ್ಲಿದ್ದಾಗ 1990, 1991 ಮತ್ತು 1992ರಲ್ಲಿ ಸತತವಾಗಿ ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲೊಂದಾದ ಅಮೆರಿಕನ್ ಲೀಗ್‌ನಲ್ಲೇ ಅತಿ ಹೆಚ್ಚು ವಾಕ್ ಕೊಟ್ಟವರು: 120, 152, 144. ಎದುರಾಳಿ ಟೆಕ್ಸಸ್ ರೇಂಜರ್ಸ್ ತಂಡದ ಪಿಚರ್ ನೋಲನ್ ರಯಾನ್ ಮತ್ತು ಪಿಚಿಂಗ್ ಕೋಚ್ ಟಾಮ್ ಹೌಸ್ 1992ರಲ್ಲಿ ಅವರಿಗೆ ತೋರಿಸಿಕೊಟ್ಟದ್ದು, ಮುಂದಿನ ಕಾಲನ್ನು ಹಿಮ್ಮಡಿಯ ಮೇಲೆ ಊರುತ್ತಿರುವುದರಿಂದ ದೇಹ ಪಕ್ಕಕ್ಕೆ ತಿರುಗಿಹೋಗುತ್ತಿದೆ, ಪಾದದ ಮುಂಭಾಗದ ಮೇಲೆ ಊರಬೇಕು ಎಂಬುದನ್ನು. ಮರುವರ್ಷ ಅವರ ವಾಕ್‌ಗಳು 99ಕ್ಕೆ ಇಳಿದವು, ಸ್ಟ್ರೈಕ್‌ಔಟ್‌ಗಳು (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್ ಆಗುವುದು) 308ಕ್ಕೆ ಏರಿದವು. ಮುಂದೆ ಅವರು ಐದು ಬಾರಿ, ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದರು. ಇದೇ ಟಾಮ್ ಹೌಸ್ ಮುಂದೆ ಭಾರತದಿಂದ ಬಂದ ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಅವರಿಗೂ ಪಿಚಿಂಗ್ ಕಲಿಸಿದರು, 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಆ ಇಬ್ಬರೊಂದಿಗೂ ಒಪ್ಪಂದ ಮಾಡಿಕೊಂಡಿತು.

ಕೌಶಲಕ್ಕಿಂತ ಕಾಲಾವಕಾಶವೇ ಮುಖ್ಯವಾದ ಉದಾಹರಣೆ ಪಿಚರ್ ಸ್ಯಾಂಡಿ ಕೌಫ್ಯಾಕ್ಸ್ ಅವರದು. ಆ ಕಾಲದ ನಿಯಮದಂತೆ, ಸಹಿ ಹಾಕುವಾಗ ದೊಡ್ಡ ಮೊತ್ತ ಪಡೆದ ಹುಡುಗನನ್ನು ಎರಡು ವರ್ಷ ಮುಖ್ಯ ತಂಡದಲ್ಲೇ ಇಟ್ಟುಕೊಳ್ಳಬೇಕಿತ್ತು. ಹಾಗಾಗಿ 1955ರಲ್ಲಿ ಹತ್ತೊಂಬತ್ತನೇ ವಯಸ್ಸಿಗೆ ಬ್ರೂಕ್ಲಿನ್ ಡಾಡ್ಜರ್ಸ್ ಸೇರಿದ ಅವರಿಗೆ, ಕೆಳಹಂತದ ಲೀಗ್‌ಗಳಲ್ಲಿ ತಪ್ಪು ಮಾಡುತ್ತ ಕಲಿಯುವ ಅವಕಾಶವೇ ಇರಲಿಲ್ಲ. ಮೊದಲ ಆರು ವರ್ಷಗಳಲ್ಲಿ ಅವರ ಲೆಕ್ಕ 36 ಗೆಲುವು, 40 ಸೋಲು. 1960ರಲ್ಲಿ 175 ಇನಿಂಗ್ಸ್‌ಗೆ (ಇಲ್ಲಿ ಮೂವರು ಔಟಾದರೆ ಪಿಚರ್‌ನ ಒಂದು ಇನಿಂಗ್ಸ್) 100 ವಾಕ್. 1961ರ ವಸಂತದ ಅಭ್ಯಾಸ ಪಂದ್ಯವೊಂದರಲ್ಲಿ, ಪ್ಲೇಟ್‌ನ ಹಿಂದೆ ಕುಳಿತು ಎಸೆತ ಹಿಡಿಯುವ ಕ್ಯಾಚರ್ ನಾರ್ಮ್ ಶೆರ್ರಿ, ಪೂರ್ತಿ ಬಲ ಹಾಕಬೇಡ, ಸ್ವಲ್ಪ ಸಡಿಲವಾಗಿ ಎಸೆ ಎಂದು ಹೇಳಿದರು. ಅಲ್ಲಿಂದ ತಿರುವು. 1963ರಲ್ಲಿ ಅವರು 311 ಇನಿಂಗ್ಸ್‌ಗೆ ಕೊಟ್ಟದ್ದು 58 ವಾಕ್ ಮಾತ್ರ, ಗೆದ್ದದ್ದು 25 ಪಂದ್ಯ. ಈ ಕಥೆಯನ್ನು ನಾನು ಹೇಳುವುದು ಮಕ್ಕಳಿಗಲ್ಲ, ಕಟ್ಟೆಯ ಮೇಲೆ ಕುಳಿತು “ಸ್ಟ್ರೈಕ್ ಹಾಕೋ!” ಎಂದು ಕೂಗುವ ದೊಡ್ಡವರಿಗೆ. ಆ ಕೂಗು ಕೇಳಿದ ಹುಡುಗ ಇನ್ನಷ್ಟು ಬಿಗಿಯಾಗುತ್ತಾನೆ, ಬಿಗಿಯಾದ ಮುಂಗೈ ಚೆಂಡನ್ನು ಸರಿಯಾದ ಗಳಿಗೆಗೆ ಬಿಡುವುದಿಲ್ಲ.

ಗೆದ್ದವರ ಹೆಸರನ್ನಷ್ಟೇ ಹೇಳಿ ಹೆತ್ತವರಿಗೆ ಆಸೆ ಹಚ್ಚುವುದು ನನ್ನ ವೃತ್ತಿಗೆ ಒಪ್ಪುವ ಕೆಲಸವಲ್ಲ. ಸ್ಟೀವ್ ಡಾಲ್ಕೌಸ್ಕಿ ಎಂಬ ಪಿಚರ್ ತಮ್ಮ ಕಾಲದ ಅತಿ ವೇಗದ ಕೈ ಎನಿಸಿಕೊಂಡವರು. 1960ರಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್‌ನಲ್ಲಿ 170 ಇನಿಂಗ್ಸ್‌ಗಳಲ್ಲಿ 262 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿ, ಅಷ್ಟೇ, ಸರಿಯಾಗಿ 262 ವಾಕ್‌ಗಳನ್ನೂ ಕೊಟ್ಟರು. 1962ರಲ್ಲಿ ಎಲ್ಮೈರಾ ತಂಡದಲ್ಲಿ ಮ್ಯಾನೇಜರ್ ಅರ್ಲ್ ವೀವರ್ ಅವರ ಕೈಕೆಳಗೆ ಹಿಡಿತ ಕಾಣತೊಡಗಿತ್ತು, ಮರುವರ್ಷದ ವಸಂತದಲ್ಲಿ ಮೊಣಕೈ ಕೈಕೊಟ್ಟಿತು. ಅವರು ಮೇಜರ್ ಲೀಗ್‌ನಲ್ಲಿ ಒಂದು ಎಸೆತವನ್ನೂ ಎಸೆಯಲಿಲ್ಲ. ಇನ್ನೊಂದು ಕಡೆ ನೋಲನ್ ರಯಾನ್ ಅವರನ್ನೇ ನೋಡಿ: ಸ್ಟ್ರೈಕ್‌ಔಟ್‌ನಲ್ಲಿ 5714ರ ದಾಖಲೆ ಅವರದು, ವಾಕ್‌ನಲ್ಲಿ 2795ರ ದಾಖಲೆಯೂ ಅವರದೇ. ಅವರ ಹಿಡಿತ ಪೂರ್ತಿ ಬಂತು ಎನ್ನಲಾಗದು, ಹೊಡೆಯಲಾಗದ ವೇಗ ಅದರ ಬೆಲೆಯನ್ನು ತೆತ್ತಿತು. ಇಲ್ಲೊಂದು ಕಹಿ ಸತ್ಯವಿದೆ. ವೇಗವಿರುವ, ಗುರಿಯಿಲ್ಲದ ಹುಡುಗನಿಗೆ ತಂಡಗಳು ವರ್ಷಗಟ್ಟಲೆ ಕಾಯುತ್ತವೆ. ವೇಗವೂ ಸಾಧಾರಣ, ಗುರಿಯೂ ಇಲ್ಲ ಎಂದಾದರೆ ಯಾರೂ ಕಾಯುವುದಿಲ್ಲ, ಹೈಸ್ಕೂಲಿನ ನಂತರದ ದಾರಿ ಅವನಿಗೆ ಕಿರಿದಾಗುತ್ತದೆ. ಇದನ್ನು ಹದಿನೇಳರ ಹುಡುಗನ ಹೆತ್ತವರಿಗೆ ನಾನು ನೇರವಾಗಿ ಹೇಳುತ್ತೇನೆ, ಹದಿಮೂರರವನ ಹೆತ್ತವರಿಗೆ ಹೇಳುವುದಿಲ್ಲ, ಏಕೆಂದರೆ ಆ ವಯಸ್ಸಿನಲ್ಲಿ ಅವನ ವೇಗ ಎಷ್ಟಾಗಲಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ.

ದೇಹದ ಲೆಕ್ಕಕ್ಕೆ ಸಿಗದ ಇನ್ನೊಂದು ಬಗೆಯೂ ಇದೆ. ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ರಿಕ್ ಆಂಕೀಲ್, ಇಪ್ಪತ್ತೊಂದರ ಪ್ರತಿಭಾವಂತ, 2000ನೇ ಇಸವಿಯ ಅಕ್ಟೋಬರ್‌ನ ಪ್ಲೇಆಫ್ ಪಂದ್ಯವೊಂದರಲ್ಲಿ ಒಂದೇ ಇನಿಂಗ್ಸ್‌ನಲ್ಲಿ ಐದು ಎಸೆತಗಳನ್ನು ಕ್ಯಾಚರ್‌ನ ಕೈಗೂ ಸಿಗದಂತೆ ಎಸೆದರು. ಆ ಹಿಡಿತ ಮತ್ತೆ ನೆಲೆಯಾಗಿ ಮರಳಲಿಲ್ಲ. ಮುಂದೆ ಅವರು ಫೀಲ್ಡರ್ ಮತ್ತು ಬ್ಯಾಟರ್ ಆಗಿ 2007ರಲ್ಲಿ ಅದೇ ತಂಡಕ್ಕೆ ವಾಪಸಾದರು. ಅಭ್ಯಾಸದಲ್ಲಿ ಚೆನ್ನಾಗಿ ಎಸೆದು, ಬ್ಯಾಟರ್ ನಿಂತ ಕೂಡಲೇ ತಪ್ಪುವ, ಚುಕ್ಕೆಗಳು ಹಾಳೆಯ ತುಂಬ ಚೆದುರುವ ಹುಡುಗನನ್ನು ಕಂಡರೆ ನಾನು ಕಾಲಿನ ಗೆರೆ ಎಳೆಯುವುದಿಲ್ಲ, ಕ್ರೀಡಾ ಮನಶ್ಶಾಸ್ತ್ರಜ್ಞರ ಬಳಿಗೆ ಕಳಿಸುತ್ತೇನೆ. ಅವನಿಗೆ ಇನ್ನಷ್ಟು ತಾಂತ್ರಿಕ ಸೂಚನೆ ಕೊಡುವುದೆಂದರೆ ಉರಿಗೆ ಎಣ್ಣೆ ಹೊಯ್ದಂತೆ.

ದಾವಣಗೆರೆಯವರ ಮಗನಿಗೆ ನಾವು ಹತ್ತು ವಾರದ ಕೆಲಸ ಹಾಕಿಕೊಟ್ಟೆವು. ಮೊದಲ ಮೂರು ವಾರ 50 ಅಡಿಯಿಂದಲೇ ಎಸೆತ, ವೇಗ ಅಳೆಯುವ ರೇಡಾರ್ ಗನ್ ಮನೆಯಲ್ಲೇ ಇರಬೇಕು, ಗುರಿ ಚೌಕದ ಮೂಲೆಯಲ್ಲ, ಕ್ಯಾಚರ್‌ನ ಎದೆ. ಜೊತೆಗೆ ಒಂಟಿಕಾಲಿನ ಸಮತೋಲನ, ಸೊಂಟ ಮತ್ತು ಹೊಟ್ಟೆಯ ಸ್ನಾಯುಗಳ ವ್ಯಾಯಾಮ, ದಿನಕ್ಕೆ ಇಪ್ಪತ್ತು ನಿಮಿಷ. ನಾಲ್ಕನೇ ವಾರ ಅವನು ಬೇಸರಗೊಂಡು, “ಅಂಕಲ್, ನಾನು ಯಾವಾಗ ಜೋರಾಗಿ ಎಸೀಬಹುದು?” ಎಂದು ಕೇಳಿದ. ಕಾಲು ಗೆರೆಯ ಮೇಲೆ ಸತತ ಹತ್ತು ಸಲ ಬಿದ್ದ ದಿನ ಎಂದೆ. ಆರನೇ ವಾರದ ಕೊನೆಗೆ ಆ ದಿನ ಬಂತು.

ಮೇ ಕೊನೆಯಲ್ಲಿ ತಾಯಿ ಮತ್ತೆ ಪೆನ್ಸಿಲ್ ಹಿಡಿದು ಕುಳಿತರು. ಪೂರ್ತಿ ದೂರದಿಂದ ಇಪ್ಪತ್ತೈದರಲ್ಲಿ ಹದಿನಾಲ್ಕು ಚೌಕದೊಳಗೆ, ಉಳಿದವು ಹೊರಗೆ, ಆದರೆ ಹೆಚ್ಚಿನವು ದಾರಕ್ಕೆ ಒತ್ತಿಕೊಂಡಂತೆ. ತಂದೆ ಮತ್ತೆ ಅದೇ ಪ್ರಶ್ನೆಯನ್ನು, ಈ ಸಲ ಮೆಲ್ಲಗೆ, ಕೇಳಿದರು. ಮುಂದಿನ ವರ್ಷ ಅವನು ಪಿಚರ್ ಆಗಿಯೇ ಆಡಬಲ್ಲ ಎಂದು ಹೇಳಿದೆ, ಅದರಾಚೆಯ ಮಾತು ಆಡಲಿಲ್ಲ. ಸೆಪ್ಟೆಂಬರ್‌ನಲ್ಲಿ ಅವನ ಎತ್ತರವನ್ನು ಮತ್ತೆ ಅಳೆಯಬೇಕಿದೆ. ಇನ್ನೆರಡು ಅಂಗುಲ ಬೆಳೆದಿದ್ದರೆ ಸೀಮೆಸುಣ್ಣದ ಗೆರೆಯನ್ನು ಮೊದಲಿನಿಂದ ಎಳೆಯಬೇಕಾಗುತ್ತದೆ.