ಫೋರ್‌ಪ್ಲೇಯ 13 ಆಲ್ಬಮ್‌ಗಳಲ್ಲಿ ಮೊದಲು ಯಾವುದು ಕೇಳಲಿ?

ಪ್ರಶ್ನೆ: ಸ್ಮೂತ್ ಜಾಝ್ (ಕಿವಿಗೆ ಮೆದುವಾಗಿ ಕೇಳಿಸುವ ಜಾಝ್) ತಂಡ ಫೋರ್‌ಪ್ಲೇಯ ಆಲ್ಬಮ್‌ಗಳನ್ನು ಕೇಳಬೇಕು ಅಂತ ಆಸೆ. ಆದರೆ ಅಲ್ಲಿ ಇಲ್ಲಿ ಕೇಳಿದ್ದೆಲ್ಲ ಒಂದೇ ಥರ ಅನ್ನಿಸಿತು. ಯಾವುದರಿಂದ ಶುರು ಮಾಡಲಿ?

ಉತ್ತರ: 1991ರ ಮೊದಲ ಆಲ್ಬಮ್‌ನಿಂದಲೇ ಶುರು ಮಾಡಿ. ಅದರ ಹೆಸರೂ ‘ಫೋರ್‌ಪ್ಲೇ’.

1990ರಲ್ಲಿ ಪಿಯಾನೋ ವಾದಕ ಬಾಬ್ ಜೇಮ್ಸ್ ತಮ್ಮದೊಂದು ಆಲ್ಬಮ್ ರೆಕಾರ್ಡ್ ಮಾಡುತ್ತಿದ್ದರು. ಗಿಟಾರ್‌ಗೆ ಲೀ ರಿಟೆನೌರ್, ಬೇಸ್‌ಗೆ (ತಗ್ಗು ಸ್ವರದ ಗಿಟಾರ್) ನೇಥನ್ ಈಸ್ಟ್, ಡ್ರಮ್ಸ್‌ಗೆ ಹಾರ್ವಿ ಮೇಸನ್ ಬಂದಿದ್ದರು. ನಾಲ್ವರೂ ಬೇರೆಯವರ ರೆಕಾರ್ಡಿಂಗ್‌ಗಳಲ್ಲಿ ನುಡಿಸಿ ನುಡಿಸಿ ಪಳಗಿದವರು. ಜಾಝ್ ಪಿಯಾನೋ ವಾದಕ ಹರ್ಬೀ ಹ್ಯಾನ್‌ಕಾಕ್ ಅವರ 1973ರ ಆಲ್ಬಮ್ ‘ಹೆಡ್ ಹಂಟರ್ಸ್’ನಲ್ಲಿ ಡ್ರಮ್ಸ್ ಇದೇ ಮೇಸನ್ ಅವರದು. ಜೊತೆಗೆ ನುಡಿಸುವುದು ಎಷ್ಟು ಹಿಡಿಸಿತೆಂದರೆ ಅಲ್ಲೇ ಒಂದು ತಂಡವಾಯಿತು. ಮೊದಲ ಆಲ್ಬಮ್ ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನ ಕಂಟೆಂಪರರಿ ಜಾಝ್ ಪಟ್ಟಿಯಲ್ಲಿ 33 ವಾರ ಮೊದಲ ಸ್ಥಾನದಲ್ಲಿತ್ತು.

ಅದರಲ್ಲಿ ‘ಬಾಲಿ ರನ್’ ಮತ್ತು ‘101 ಈಸ್ಟ್‌ಬೌಂಡ್’ ಎರಡನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಫೋನಿನ ಪುಟ್ಟ ಸ್ಪೀಕರ್‌ನಲ್ಲಿ ಬೇಸ್ ಕೇಳಿಸುವುದೇ ಇಲ್ಲ, ಬೇಸ್ ಇಲ್ಲದೆ ಈ ಸಂಗೀತದ ಅರ್ಧ ಹೋಯಿತು. ಒಬ್ಬರು ಮುಂದೆ ಬಂದಾಗ ಉಳಿದ ಮೂವರು ಹೇಗೆ ಜಾಗ ಬಿಡುತ್ತಾರೆ ಗಮನಿಸಿ. ಒಳ್ಳೆಯ ಮೃದಂಗದವರು ಹಾಡುಗಾರರಿಗೆ ಪಕ್ಕವಾದ್ಯವಾಗಿ ಕೂತಾಗ ಕೈ ತಗ್ಗಿಸಿ ನುಡಿಸುತ್ತಾರಲ್ವಾ, ಮೇಸನ್ ಕೈಯಲ್ಲೂ ಆ ಹದ ಇದೆ. ಇದನ್ನು ಸುಮ್ನೆ ಲಿಫ್ಟ್‌ನಲ್ಲಿ ಹಾಕುವ ಸಂಗೀತ ಅಂತ ತಳ್ಳಿಹಾಕಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಇನ್ನು ‘ಒಂದೇ ಥರ’ ಅನ್ನುವ ವಿಷಯ. ಗಿಟಾರ್‌ನ ಜಾಡು ಹಿಡಿದು ಹೋದರೆ ವ್ಯತ್ಯಾಸ ಗೊತ್ತಾಗುತ್ತದೆ. ಉಳಿದ ಮೂವರು ಕೊನೆಯವರೆಗೂ ಅವರೇ, ಗಿಟಾರ್‌ನವರು ಮಾತ್ರ ಎರಡು ಸಲ ಬದಲಾದರು.

ಮೊದಲ ಮೂರು ಆಲ್ಬಮ್ ರಿಟೆನೌರ್ ಅವರವು: ‘ಫೋರ್‌ಪ್ಲೇ’, ‘ಬಿಟ್ವೀನ್ ದ ಶೀಟ್ಸ್’ (1993), ‘ಇಲಿಕ್ಸರ್’ (1995). ಬೆರಳಿನ ಚುರುಕಿಗೆ ಅವರಿಗೆ ‘ಕ್ಯಾಪ್ಟನ್ ಫಿಂಗರ್ಸ್’ ಅನ್ನುವ ಅಡ್ಡಹೆಸರೇ ಇದೆ. ಸ್ವರಗಳು ಬಿಡಿಬಿಡಿಯಾಗಿ, ತಿಳಿಯಾಗಿ ಬರುತ್ತವೆ.

1998ರ ‘4’ ಆಲ್ಬಮ್‌ಗೆ ಲ್ಯಾರಿ ಕಾರ್ಲ್‌ಟನ್ ಬಂದರು. ಬಣ್ಣವೇ ಬೇರೆಯಾಯಿತು. ಇವರದು ಬ್ಲೂಸ್ ಕಡೆಗೆ ವಾಲಿದ ಕೈ. ತಂತಿ ಎಳೆದು ಒಂದೇ ಸ್ವರವನ್ನು ಮೆಲ್ಲಗೆ ಮೇಲೇರಿಸಿ ನಿಲ್ಲಿಸುತ್ತಾರೆ. ವೀಣೆ ಕೇಳಿ ಬೆಳೆದವರಿಗೆ ಈ ಎಳೆತ ಬೇಗ ಒಗ್ಗುತ್ತದೆ. ‘ಎನರ್ಜಿ’ (2008) ತನಕ ಇವರ ಏಳು ಆಲ್ಬಮ್ ಇವೆ. ನನಗೆ ಜಾಸ್ತಿ ಇಷ್ಟ ಇದೇ ಕಾಲ. ಅದರಲ್ಲಿ ‘ಯೆಸ್, ಪ್ಲೀಸ್!’ (2000) ಮತ್ತು ‘ಜರ್ನಿ’ (2004) ತಪ್ಪಿಸಬೇಡಿ. ‘ಸ್ನೋಫಾಲ್’ (1999) ಕ್ರಿಸ್‌ಮಸ್ ಆಲ್ಬಮ್, ಅದನ್ನು ಡಿಸೆಂಬರ್‌ಗೆ ಇಟ್ಟುಕೊಳ್ಳಿ.

2010ರ ‘ಲೆಟ್ಸ್ ಟಚ್ ದ ಸ್ಕೈ’ಯಿಂದ ಚಕ್ ಲೋಬ್. ಆಮೇಲೆ ‘ಎಸ್ಪ್ರಿ ದ ಫೋರ್’ (2012), ‘ಸಿಲ್ವರ್’ (2015). 2017ರಲ್ಲಿ ಲೋಬ್ ತೀರಿಕೊಂಡರು.

‘ಸಿಲ್ವರ್’ ಅನ್ನು ಮಾತ್ರ ಎಲ್ಲಕ್ಕಿಂತ ಕೊನೆಗೆ ಕೇಳಿ. ತಂಡದ 25 ವರ್ಷದ ನೆನಪಿಗೆ ಮಾಡಿದ್ದು. ರಿಟೆನೌರ್ ಮತ್ತು ಕಾರ್ಲ್‌ಟನ್ ಇಬ್ಬರೂ ಅದಕ್ಕೆ ಅತಿಥಿಗಳಾಗಿ ಬಂದು ನುಡಿಸಿದ್ದಾರೆ. ಯಾವ ಟ್ರ್ಯಾಕ್‌ನಲ್ಲಿ ಯಾರ ಗಿಟಾರ್ ಅಂತ ಹೆಸರು ನೋಡದೇ ಹೇಳಲು ಪ್ರಯತ್ನಿಸಿ.