ಡಬ್ಬಿಯೂ ಉಸಿರಾಡುತ್ತದೆ

ಕಾರವಾರದಲ್ಲಿ ಜೂನ್ ಬಂತೆಂದರೆ ಅಡುಗೆಮನೆಯ ಉಪ್ಪು ನೀರೊಡೆಯುತ್ತದೆ. ಭರಣಿಗೆ ಯಾರೂ ನೀರು ಹಾಕಿರುವುದಿಲ್ಲ. ಗಾಳಿಯ ತೇವಾಂಶ ಶೇ. 75ರ ಆಸುಪಾಸು ದಾಟಿದರೆ ಸಾಕು, ಉಪ್ಪು ಆ ಗಾಳಿಯಿಂದಲೇ ನೀರು ಹೀರಿ ಕರಗತೊಡಗುತ್ತದೆ.

ಇದೇ ಉಪ್ಪು ಕಡಲ ಗಾಳಿಯಲ್ಲಿ ಬಂದು ತಾರಸಿಯ ಮೇಲಿನ ವೈಫೈ ಡಬ್ಬಿಗೂ ಅಂಟುತ್ತದೆ. ನಮ್ಮ ಮನೆಯಿಂದ ಕಡಲು ಕೂಗಳತೆಯ ದೂರ. ಒಂದು ಜುಲೈಯಲ್ಲಿ ನೆಟ್ ಸತ್ತುಹೋಯಿತು. ಡಬ್ಬಿ ತೆರೆದರೆ ತಳದಲ್ಲಿ ಅರ್ಧ ಬೆರಳು ನೀರು, ಕೇಬಲ್ಲಿನ ಪಿನ್ನುಗಳೆಲ್ಲ ಹಸಿರು. ಮುಚ್ಚಳದ ರಬ್ಬರ್ ಮಾತ್ರ ಸರಿಯಾಗೇ ಇತ್ತು! ಹಾಗಾದರೆ ನೀರು ಬಂದದ್ದೆಲ್ಲಿಂದ?

ಉತ್ತರ ಇರುವುದು ಡಬ್ಬಿಯೊಳಗಿನ ಗಾಳಿಯಲ್ಲಿ. ಮಳೆ ಬಿಟ್ಟ ಹೊತ್ತಲ್ಲಿ ಬಿಸಿಲು ಬಿದ್ದರೆ, ಯಂತ್ರದ ಶಾಖವೂ ಸೇರಿ ಒಳಗೆ 60 ಡಿಗ್ರಿ ಆಗಬಹುದು. ಗಾಳಿ ಹಿಗ್ಗಿ, ಸಂದುಗಳಿಂದ ನಿಧಾನವಾಗಿ ಹೊರಗೆ ಹೋಗುತ್ತದೆ. ಅಷ್ಟರಲ್ಲಿ ಮತ್ತೆ ಮಳೆ ಸುರಿದು ಡಬ್ಬಿ ಥಟ್ಟನೆ 25 ಡಿಗ್ರಿಗೆ ಇಳಿಯುತ್ತದೆ. ಉಳಿದ ಗಾಳಿ ಕುಗ್ಗಿ, ಒಳಗಿನ ಒತ್ತಡ ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗುತ್ತದೆ. ಕೇಳಲು ಸಣ್ಣದು. ಆದರೆ ಅದು ಒಂದು ಮೀಟರ್ ಆಳದ ನೀರು ಒತ್ತುವಷ್ಟೇ ಬಲ. ಡಬ್ಬಿಯ ಮೈಮೇಲೆ ಮಳೆನೀರು ಹರಿಯುತ್ತಿರುವಾಗಲೇ ಅದು ಉಸಿರು ಒಳಗೆಳೆದುಕೊಂಡರೆ ಏನಾಗುತ್ತದೆ, ಯೋಚಿಸಿ.

ನಮ್ಮ ಡಬ್ಬಿಯ ಮೇಲೆ ಐಪಿ 65 ಎಂದು ಬರೆದಿತ್ತು. ಧೂಳು, ನೀರನ್ನು ಡಬ್ಬಿ ಎಷ್ಟು ತಡೆಯುತ್ತದೆ ಎಂದು ಹೇಳುವ ದರ್ಜೆ ಅದು. ಅದು ಸುಳ್ಳಲ್ಲ. 6 ಅಂದರೆ ಧೂಳು ನುಗ್ಗುವುದಿಲ್ಲ. 5 ಅಂದರೆ ಪೈಪಿನಿಂದ ನಿಮಿಷಕ್ಕೆ 12.5 ಲೀಟರಿನಂತೆ ಕೆಲವು ನಿಮಿಷ ನೀರು ಹಾಯಿಸಿ ಪರೀಕ್ಷೆ ಮಾಡಿದ್ದಾರೆ. ಉಪ್ಪು, ತುಕ್ಕು, ಒಳಗೇ ಕಟ್ಟುವ ಬೆವರು ಇವು ಆ ಪರೀಕ್ಷೆಯಲ್ಲೇ ಇಲ್ಲ. ನಮ್ಮ ನಾಲ್ಕು ತಿಂಗಳ ಮಳೆಗಾಲವಂತೂ ಇಲ್ಲವೇ ಇಲ್ಲ.

ಒಳಗೆ ಬಂದ ತೇವ ತಂಪಾದ ಗೋಡೆಗೆ ತಾಗಿ ಹನಿಯಾಗುತ್ತದೆ. ಅದರಲ್ಲಿ ಉಪ್ಪು ಕರಗಿದರೆ ವಿದ್ಯುತ್ ಹರಿಯುವ ನೀರು ಸಿದ್ಧ. ನೆಟ್ ಕೇಬಲ್ಲಿನಲ್ಲೇ 48 ವೋಲ್ಟ್ ಕರೆಂಟೂ ಹೋಗುತ್ತಿದ್ದರೆ ಧನ ಪಿನ್ನಿನ ತಾಮ್ರ ಕರಗುತ್ತಾ ಹೋಗುತ್ತದೆ. ನಾನು ಕಂಡ ಹಸಿರು ಅದೇ.

ಇನ್ನೂ ಬಿಗಿಯಾಗಿ ಮುಚ್ಚೋಣ ಎಂದು ಎಲ್ಲರಿಗೂ ಅನಿಸುತ್ತದೆ. ನಾನೂ ಸುತ್ತಲೂ ಸಿಲಿಕೋನ್ ಮೆತ್ತಿದೆ. ಅದರಿಂದ ಸೇರಿದ ನೀರಿಗೆ ಹೊರಹೋಗಲು ದಾರಿ ಇಲ್ಲದಂತಾಯಿತು, ಅಷ್ಟೇ. ಅದರಲ್ಲೂ ವಿನೆಗರ್ ವಾಸನೆಯ ಸಿಲಿಕೋನ್ ಒಣಗುವಾಗ ಆಮ್ಲ ಬಿಟ್ಟು ತಾಮ್ರವನ್ನೇ ತಿನ್ನುತ್ತದೆ.

ದಾರಿ ತೋರಿಸಿದ್ದು ಶಿರಸಿಯಲ್ಲಿರುವ ನನ್ನ ಭಾವನ ತೋಟ. ಕೊಳೆರೋಗ ಬರದಿರಲಿ ಎಂದು ಅಡಿಕೆ ಗೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುತ್ತಾರೆ. ಮೇಲೆ ಬಿಗಿ, ಕೆಳಗೆ ಬಾಯಿ ತೆರೆದೇ ಇರುತ್ತದೆ. ಮಳೆ ಮೇಲಿಂದ ಬರುತ್ತದೆ, ಗಾಳಿ ಕೆಳಗಿಂದ ಆಡುತ್ತದೆ. ಡಬ್ಬಿಗೂ ಬೇಕಾದದ್ದು ಇದೇ ಅಲ್ವಾ?

ಈಗ ನಮ್ಮ ಡಬ್ಬಿಯ ತಳದಲ್ಲಿ ಒಂದು ಉಸಿರುಬಿರಡೆ ಇದೆ. ಅದರೊಳಗಿನ ತೆಳು ಪೊರೆಯ ರಂಧ್ರಗಳು ಎಷ್ಟು ಸಣ್ಣವೆಂದರೆ ಗಾಳಿ, ಆವಿ ದಾಟುತ್ತವೆ, ನೀರಿನ ಹನಿ ದಾಟುವುದಿಲ್ಲ. ಒತ್ತಡ ಅಲ್ಲೇ ಸರಿಹೋಗುವುದರಿಂದ ರಬ್ಬರ್ ಸಂದಿನಿಂದ ನೀರು ಎಳೆಯುವ ಪ್ರಮೇಯವಿಲ್ಲ. ಕೇಬಲ್ಲುಗಳೆಲ್ಲ ಕೆಳಗಿನಿಂದಲೇ ಒಳಹೋಗುತ್ತವೆ. ಅದಕ್ಕೂ ಮೊದಲು ಪ್ರತಿಯೊಂದೂ ಯು ಆಕಾರದಲ್ಲಿ ಜೋತುಬಿದ್ದಿದೆ. ಹರಿದು ಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಖರ್ಚಿಲ್ಲದ ಈ ಉಪಾಯ ನನಗೆ ಎಲ್ಲಕ್ಕಿಂತ ಇಷ್ಟ. ಮೇಲೆ ಬಿಳಿ ತಗಡಿನ ಸಣ್ಣ ಮಾಡು ಇದೆ, ಬಿಸಿಲು ನೇರ ಬೀಳದಿರಲೆಂದು. ಸ್ಕ್ರೂ 316 ದರ್ಜೆಯ ಸ್ಟೀಲಿನವು. ಅದರಲ್ಲಿರುವ ಮಾಲಿಬ್ಡಿನಮ್ ಉಪ್ಪಿನ ಏಟನ್ನು ಸಾಮಾನ್ಯ 304 ದರ್ಜೆಯ ಸ್ಟೀಲಿಗಿಂತ ಚೆನ್ನಾಗಿ ತಡೆಯುತ್ತದೆ.

ಭಾವನ ಮನೆಯ ಡಬ್ಬಿಗೆ ಉಪ್ಪಿನ ಕಾಟವಿಲ್ಲ. ಅಲ್ಲಿ ಸಿಡಿಲು ಮತ್ತು ಇರುವೆ. ಸಿಡಿಲಿಗೆ ಒಳ್ಳೆಯ ಅರ್ತಿಂಗ್ ಬೇಕು, ಥಟ್ಟನೆ ನುಗ್ಗುವ ಹೆಚ್ಚುವರಿ ವಿದ್ಯುತ್ತನ್ನು ತಡೆಯುವ ಸರ್ಜ್ ಪ್ರೊಟೆಕ್ಟರ್ ಬೇಕು. ಇರುವೆ ತಡೆಯಲು ಕೇಬಲ್ ಒಳಹೋಗುವ ಪ್ರತಿ ಸಂದಿಗೂ ಅಳತೆಗೆ ಸರಿಯಾದ ಗ್ಲ್ಯಾಂಡ್, ಅಂದರೆ ಕೇಬಲ್ಲನ್ನು ಸುತ್ತ ಬಿಗಿಯಾಗಿ ಹಿಡಿಯುವ ಬಿರಡೆ, ಬೇಕು.

ಒಳಗೆ ಸಿಲಿಕಾ ಜೆಲ್ ಪೊಟ್ಟಣವನ್ನೂ ಇಟ್ಟಿದ್ದೇನೆ. ಕಿತ್ತಳೆ ಬಣ್ಣದ ಹರಳು ಹಸಿರಾದರೆ ನೀರು ಹೀರಿ ತುಂಬಿದೆ ಎಂದರ್ಥ. ಪ್ರತಿ ವರ್ಷ ಮೇ ಕೊನೆಯಲ್ಲಿ, ಮೊದಲ ಮಳೆಗೆ ಮುಂಚೆ, ಏಣಿ ಹತ್ತಿ ಅದನ್ನು ಬದಲಿಸುತ್ತೇನೆ.