ಓದುಗರ ಪ್ರಶ್ನೆ: ಅಟ್ಟದಲ್ಲಿ ಸಿಕ್ಕ ಜಿ.ಐ. ಜೋ, ಹೀ-ಮ್ಯಾನ್‌ಗಳನ್ನು ಏನು ಮಾಡಲಿ?

ಪ್ರಶ್ನೆ: ತುಮಕೂರಿನ ನಮ್ಮ ಹಳೇ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದೇವೆ. ಅಟ್ಟ ಖಾಲಿ ಮಾಡುವಾಗ ನಾನು ಚಿಕ್ಕವನಿದ್ದಾಗ ಕೂಡಿಟ್ಟ ಜಿ.ಐ. ಜೋ ಸೈನಿಕರು, ಕಾರ್ಟೂನಿನ ಹೀ-ಮ್ಯಾನ್, ಇಂಥ ಪ್ಲಾಸ್ಟಿಕ್ ಬೊಂಬೆಗಳ ಟ್ರಂಕ್ ಸಿಕ್ಕಿತು. ನಾವಿರುವುದು ಬೆಂಗಳೂರಿನ ಪುಟ್ಟ ಬಾಡಿಗೆ ಮನೆಯಲ್ಲಿ. ಅಮ್ಮ "ಗುಜರಿಯವನಿಗೆ ಹಾಕ್ಲೇನೋ?" ಅಂತಿದ್ದಾರೆ. ಹೆಂಡತಿ ನಮ್ಮ ನಾಲ್ಕು ವರ್ಷದ ಮಗನಿಗೆ ಕೊಡೋಣ ಅಂತಾಳೆ. ಸ್ನೇಹಿತನೊಬ್ಬ ಲಕ್ಷಗಟ್ಟಲೆ ಬರುತ್ತೆ ಅಂತ ತಲೆ ಕೆಡಿಸಿದ್ದಾನೆ. ಏನು ಮಾಡಲಿ?

ಉತ್ತರ: ಮೊದಲು ಅಮ್ಮನಿಗೆ ಫೋನ್ ಮಾಡಿ, ಸ್ವಲ್ಪ ದಿನ ತಡೆಯಮ್ಮ ಅಂತ ಹೇಳಿ. ಗುಜರಿಯಲ್ಲಿ ಎಲ್ಲಕ್ಕೂ ತೂಕದ ಲೆಕ್ಕ. ಅಲ್ಲಿ ಹೀ-ಮ್ಯಾನ್‌ಗೂ ಒಡೆದ ಬಕೆಟ್‌ಗೂ ಒಂದೇ ರೇಟು.

ಇನ್ನು ನಿಮ್ಮ ಸ್ನೇಹಿತನ ಲಕ್ಷದ ಮಾತು. ಅದರಲ್ಲಿ ಸ್ವಲ್ಪ ನಿಜ ಇದೆ, ಸುಳ್ಳು ಜಾಸ್ತಿ. ಅಮೆರಿಕದ ಹ್ಯಾಸ್ಬ್ರೊ ಕಂಪನಿ ಜಿ.ಐ. ಜೋವನ್ನು 1964ರಲ್ಲಿ ಶುರು ಮಾಡಿತು. ನಮಗೆ ಗೊತ್ತಿರುವ ಅಂಗೈಯಗಲದ ಚಿಕ್ಕ ಬೊಂಬೆಗಳು ಬಂದದ್ದು 1982ರಲ್ಲಿ. ಅದೇ ಅಚ್ಚುಗಳನ್ನು ಇಟ್ಟುಕೊಂಡು ಇಲ್ಲಿ ಫನ್‌ಸ್ಕೂಲ್ ಅನ್ನುವ ಆಟಿಕೆ ಕಂಪನಿ ಬೊಂಬೆ ಮಾಡುತ್ತಿತ್ತು. ಅಮೆರಿಕದಲ್ಲಿ 1994ರಲ್ಲಿ ಆ ಸಾಲು ನಿಂತ ಮೇಲೂ ನಮ್ಮಲ್ಲಿ ಹೊಸ ಪ್ಯಾಕು ಅಂಗಡಿಗೆ ಬರುತ್ತಲೇ ಇತ್ತು. ಬಣ್ಣಗಳೂ ಅಲ್ಲಿನ ಹಾಗಿರಲಿಲ್ಲ. ನಾವು "ಇದೇನು ಈ ಕಲರ್ರು" ಅಂದುಕೊಂಡವನ್ನೇ ಹೊರದೇಶದ ಸಂಗ್ರಾಹಕರು ಹುಡುಕುತ್ತಾರೆ. ಆದರೆ ಅವರಿಗೆ ಬೇಕಿರುವುದು ಪ್ಯಾಕ್ ಒಡೆಯದ್ದು, ಇಲ್ಲವೇ ಬಂದೂಕು, ಹೆಲ್ಮೆಟ್, ಬೆನ್ನಚೀಲ ಎಲ್ಲಾ ಇರುವುದು. ಮಣ್ಣಲ್ಲಿ ಯುದ್ಧ ಮಾಡಿಸಿದ, ಬಂದೂಕು ಕಳೆದ ಬೊಂಬೆಗೆ ಅಷ್ಟು ಬೆಲೆ ಬರಲ್ಲ. ಸಾಲದ್ದಕ್ಕೆ 2000ದ ಆಸುಪಾಸಿನಲ್ಲಿ ಫನ್‌ಸ್ಕೂಲ್ ಪ್ಯಾಕುಗಳು ಅಮೆರಿಕಕ್ಕೂ ರಾಶಿ ರಾಶಿ ಹೋಗಿವೆ. ಹಾಗಾಗಿ ಸಾಮಾನ್ಯವಾದವು ಅಲ್ಲಿಯೂ ಅಪರೂಪವಲ್ಲ.

ಬೆಲೆ ನೋಡುವಾಗ ಒಂದು ಎಚ್ಚರ. ಆನ್‌ಲೈನ್‌ನಲ್ಲಿ ಯಾರೋ ಹೇಳಿದ ರೇಟು ನೋಡಬೇಡಿ. ಹೇಳುವುದಕ್ಕೇನು, ಎಷ್ಟು ಬೇಕಾದರೂ ಹೇಳಬಹುದು. ಇಬೇ ತರದ ಜಾಗದಲ್ಲಿ ನಿಜವಾಗಿ ಮಾರಾಟವಾದವನ್ನು ಮಾತ್ರ ತೋರಿಸುವ ಆಯ್ಕೆ ಇರುತ್ತದೆ, ಅದನ್ನು ಒತ್ತಿ ನೋಡಿ. ಜೋಶ್ ಅರ್ಧಕ್ಕೆ ಇಳಿಯುತ್ತದೆ.

ಈಗ ಟ್ರಂಕ್ ತೆಗೆಯಿರಿ. ನನ್ನ ಲೆಕ್ಕದಲ್ಲಿ ಮುಕ್ಕಾಲು ತೀರ್ಮಾನ ಅಲ್ಲೇ ಆಗಿಹೋಗುತ್ತದೆ. ತುಮಕೂರಿನ ಏಪ್ರಿಲ್ ಬಿಸಿಲಿಗೆ ಅಟ್ಟ ಹೇಗೆ ಕಾಯುತ್ತದೆ ಅಂತ ನಿಮಗೇ ಗೊತ್ತು. ಮೆತ್ತಗಿನ ಪ್ಲಾಸ್ಟಿಕ್‌ನಲ್ಲಿರುವ ಎಣ್ಣೆಯಂಥ ಅಂಶ ವರ್ಷಗಟ್ಟಲೆ ಕಾದು ಹೊರಬರುತ್ತದೆ. ಅದಕ್ಕೇ ಬೊಂಬೆ ಮುಟ್ಟಿದರೆ ಬೆಲ್ಲ ಅಂಟಿದ ಹಾಗೆ ಜಿಗುಟು. ಸೋಪಿನ ನೀರು, ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ ಹತ್ತಿರಕ್ಕೂ ತರಬೇಡಿ, ಪ್ಲಾಸ್ಟಿಕ್ಕೇ ಕರಗುತ್ತದೆ. ತೊಳೆದು ನೆರಳಲ್ಲಿ ಒಣಗಿಸಿ. ಆಮೇಲೆ ಪೇಪರ್‌ನಲ್ಲಿ ಸುತ್ತಿಡಬೇಡಿ, ಅಕ್ಷರಗಳು ಮೈಮೇಲೆ ಅಚ್ಚಾಗಿಬಿಡುತ್ತವೆ.

ಜಿ.ಐ. ಜೋ ಕೈಗೆತ್ತಿಕೊಂಡ ಕೂಡಲೇ ಸೊಂಟದಿಂದ ಎರಡು ತುಂಡಾದರೆ ಗಾಬರಿ ಬೇಡ. ಒಳಗೆ ಕಾಲುಗಳನ್ನು ಎಳೆದು ಹಿಡಿದಿರುವುದು ಒಂದು ಸಣ್ಣ ರಬ್ಬರ್ ರಿಂಗ್. ಅದು ಒಣಗಿ ಹರಿದಿರುತ್ತದೆ. ಬೆನ್ನಲ್ಲಿರುವ ಒಂದೇ ಸ್ಕ್ರೂ ಬಿಚ್ಚಿದರೆ ಎದೆ ಎರಡು ಹೋಳಾಗಿ ತೆರೆಯುತ್ತದೆ. ಹಳೇ ರಿಂಗ್ ಎತ್ತಿಕೊಂಡು ಬಿ.ಎಚ್. ರೋಡಿನ ಯಾವುದಾದರೂ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಅದೇ ಅಳತೆಯ ಓ-ರಿಂಗ್ ಕೇಳಿ. ತೀರಾ ದಪ್ಪ ತಂದರೆ ಎದೆ ಮುಚ್ಚಿಕೊಳ್ಳಲ್ಲ. ಹೆಬ್ಬೆರಳು ಮುರಿದಿದ್ದರೆ ಮಾತ್ರ ಏನೂ ಮಾಡಲಾಗದು. ದಪ್ಪ ಹಿಡಿಯ ಬಂದೂಕನ್ನು ಒತ್ತಿ ಒತ್ತಿ ತುರುಕಿದ ಮಕ್ಕಳೆಲ್ಲ ಅದನ್ನು ಮುರಿದವರೇ.

ಬ್ಯಾಟರಿ ಹಾಕುವ ಗಾಡಿಗಳಿದ್ದರೆ ಮುಚ್ಚಳ ತೆಗೆದು ನೋಡಿ. ಸೆಲ್ ಸೋರಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ.

ಮಗನ ವಿಷಯದಲ್ಲಿ ನಾನು ನಿಮ್ಮ ಮನೆಯವರ ಮಾತಿಗೆ ಅಡ್ಡ ಬರಬೇಕಾಗಿದೆ, ಬೇಜಾರು ಮಾಡಿಕೊಳ್ಳಬಾರದು. ನಮ್ಮಲ್ಲಿ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾದದ್ದೇ 2021ರ ಜನವರಿ 1ರಿಂದ. ಹಳೇ ಪ್ಲಾಸ್ಟಿಕ್‌ನಲ್ಲಿ, ಅದರಲ್ಲೂ ಗಾಢ ಕೆಂಪು, ಹಳದಿ ಬಣ್ಣಗಳಲ್ಲಿ ಸೀಸ, ಕ್ಯಾಡ್ಮಿಯಂ ಇರುವ ಸಾಧ್ಯತೆ ಇದೆ. ಪುಟಾಣಿ ಬಂದೂಕುಗಳು ಗಂಟಲಿಗೆ ಸಿಕ್ಕಿಕೊಳ್ಳುವ ಭಯ ಬೇರೆ. ಬಾಯಿಗಿಡುವ ಅಭ್ಯಾಸ ಪೂರ್ತಿ ಹೋಗುವ ತನಕ ಕೊಡಬೇಡಿ. ಇದೇ ಕಾರಣಕ್ಕೆ ಅಂಗನವಾಡಿಗೆ ದಾನ ಮಾಡುವುದೂ ಸರಿಯಲ್ಲ. ಇನ್ನೊಂದು, ಅಪ್ಪನ ಆಟಿಕೆ ಮಗನಿಗೂ ಇಷ್ಟವಾಗಬೇಕು ಅಂತ ಏನಿಲ್ಲ. ಹೀ-ಮ್ಯಾನ್ ಯಾರು ಅಂತಲೇ ಅವನಿಗೆ ಗೊತ್ತಿರಲ್ಲ, ಅಲ್ವಾ?

ಹಾಗಾದರೆ ನಾನೇನು ಹೇಳುತ್ತೇನೆ? ಒಂದು ಶೂ ಡಬ್ಬಿಯಲ್ಲಿ ಹಿಡಿಸುವಷ್ಟು ನೀವೇ ಇಟ್ಟುಕೊಳ್ಳಿ. ಬೆಲೆ ನೋಡಿ ಆರಿಸಬೇಡಿ. ಯಾವುದನ್ನು ಯಾರು ಕೊಡಿಸಿದ್ದು, ಯಾವ ಪರೀಕ್ಷೆಗೆ ಎಷ್ಟು ಮಾರ್ಕ್ಸ್ ತೆಗೆದದ್ದಕ್ಕೆ ಅಂತ ಥಟ್ಟನೆ ನೆನಪಾಗುತ್ತದೋ ಅದನ್ನು ಇಟ್ಟುಕೊಳ್ಳಿ. ಪ್ಯಾಕ್ ಒಡೆಯದ್ದೇನಾದರೂ ಸಿಕ್ಕರೆ ಅದನ್ನು ಬೇರೆ ಇಟ್ಟು ಬೇರೆ ಮಾರಿ. ಉಳಿದವುಗಳ ಹಿಂದೆ ಮುಂದೆ ಫೋಟೋ ತೆಗೆದು, ಮುರಿದದ್ದನ್ನು ಮುರಿದಿದೆ ಅಂತಲೇ ಬರೆದು, ಒಟ್ಟಿಗೆ ಒಬ್ಬರಿಗೇ ಕೊಟ್ಟುಬಿಡಿ. ಒಂದೊಂದೇ ಮಾರಿದರೆ ನಾಲ್ಕು ಕಾಸು ಜಾಸ್ತಿ ಸಿಗಬಹುದು, ಆದರೆ ಪ್ಯಾಕ್ ಮಾಡಿ ಕೊರಿಯರ್‌ಗೆ ಓಡಾಡುವುದರಲ್ಲೇ ಭಾನುವಾರಗಳು ಮುಗಿಯುತ್ತವೆ. ಕೈಕಾಲು ಹೋದವನ್ನು ಎಸೆಯುವ ಮೊದಲು ಕೊಳ್ಳುವವರನ್ನು ಒಂದು ಮಾತು ಕೇಳಿ. ಬಿಡಿಭಾಗಕ್ಕೆ ಬೇಕು ಅನ್ನುವವರಿದ್ದಾರೆ.

ಶೂ ಡಬ್ಬಿಯನ್ನು ಬೆಂಗಳೂರಿಗೆ ಒಯ್ಯಲೇಬೇಕು ಅಂತಲೂ ಇಲ್ಲ. ನಿಮ್ಮ ಮನೆಯಲ್ಲಿ ದಸರಾಕ್ಕೆ ಬೊಂಬೆ ಕೂರಿಸುತ್ತೀರಾದರೆ ಅಮ್ಮನ ಬೊಂಬೆ ಪೆಟ್ಟಿಗೆ ಜೊತೆಗೇ ಇದೂ ಇರಲಿ. ಪಟ್ಟದ ಬೊಂಬೆಗಳ ಸಾಲಿಗೆ ಅಮ್ಮ ಬಿಡಲ್ಲ, ಅದು ಸರಿಯೇ. ಆದರೆ ಕೆಳಗೆ ತಟ್ಟೆಯಲ್ಲಿ ರಾಗಿ ಚೆಲ್ಲಿ ಮೊಳಕೆ ಬರಿಸಿ ಮಾಡುವ ಪಾರ್ಕು ಯಾವತ್ತೂ ಮಕ್ಕಳದ್ದೇ. ಅಲ್ಲಿ ಪ್ಲಾಸ್ಟಿಕ್ ಹುಲಿ, ಕ್ರಿಕೆಟ್ ಟೀಮು, ಪೊಲೀಸ್ ಜೀಪು ಎಲ್ಲಕ್ಕೂ ಜಾಗ ಇದೆ. ಜಿ.ಐ. ಜೋ ಕಥೆಯ ಖಳನಾಯಕ ಕೋಬ್ರಾ ಕಮಾಂಡರ್‌ಗೂ ಇರುತ್ತದೆ. ಡಬ್ಬಿ ಮೇಲೆ ಹೆಸರು ಮಾತ್ರ ದೊಡ್ಡದಾಗಿ ಬರೆದಿಡಿ, ಹೊಸ ಮನೆಗೆ ಸಾಮಾನು ಸಾಗಿಸುವವರಿಗೂ ಗೊತ್ತಾಗಬೇಕಲ್ಲ.